ಸಿಗಾರ್ ಪೆಟ್ಟಿಗೆಗಳ ಸಂಗ್ರಹ ಮತ್ತು ಮಾಗುವಿಕೆ

ಕೈಯಿಂದ ಸುತ್ತಿದ ಸಿಗಾರುಗಳನ್ನು ಕಾರ್ಖಾನೆಯಿಂದ ಬಂದ ಮರದ ಪೆಟ್ಟಿಗೆಯಲ್ಲೇ ಉಳಿಸಿ, ತೇವವನ್ನೂ ತಂಪನ್ನೂ ಒಂದೇ ಹದದಲ್ಲಿ ಕಾಯ್ದುಕೊಂಡು, ವರ್ಷಗಟ್ಟಲೆ ಮಾಗಲು ಬಿಡುವ ಪದ್ಧತಿ. ಇದು ಬೆಳೆದದ್ದು ಬಹುಮಟ್ಟಿಗೆ ಕ್ಯೂಬಾದ ಹವಾನಾ ಸಿಗಾರುಗಳ ಸುತ್ತ; ಬೆಳೆಸಿದವರು ಲಂಡನ್ನಿನ ತಂಬಾಕು ವ್ಯಾಪಾರಿಗಳು ಮತ್ತು ಅವರ ಗಿರಾಕಿಗಳು. ಕ್ಯೂಬಾದ ಸಿಗಾರುಗಳನ್ನು ಜಗತ್ತಿಗೆಲ್ಲ ಮಾರಲು 1994ರಲ್ಲಿ ಸ್ಥಾಪನೆಯಾದ ಹಬಾನೋಸ್ ಸಂಸ್ಥೆ ಸೂಚಿಸುವ ಅಳತೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ತಾಪ, ಶೇ. 65ರಿಂದ 70ರ ಸಾಪೇಕ್ಷ ಆರ್ದ್ರತೆ. ಅಮೆರಿಕದಲ್ಲಿ ರೂಢಿಯಲ್ಲಿರುವ ‘ಎಪ್ಪತ್ತು-ಎಪ್ಪತ್ತು’ ಸೂತ್ರ, ಅಂದರೆ 70 ಡಿಗ್ರಿ ಫ್ಯಾರನ್‌ಹೀಟ್ (21 ಡಿಗ್ರಿ ಸೆಲ್ಸಿಯಸ್) ಮತ್ತು ಶೇ. 70 ತೇವ, ಕೆಲವೇ ತಿಂಗಳಲ್ಲಿ ಸೇದಿ ಮುಗಿಸುವವರಿಗೆ ಸಾಕು. ಹತ್ತಾರು ವರ್ಷ ಇಡುವವರಿಗೆ ಅದು ತುಸು ಬಿಸಿ, ತುಸು ಹಸಿ.

ಈ ಅಂಕಿಗಳನ್ನೇ ಹಿಡಿದು ದಿನಕ್ಕೆ ನಾಲ್ಕು ಸಲ ಮಾಪಕ ನೋಡುವ ಸಂಗ್ರಾಹಕರು ಬಹಳ ಮಂದಿ. ಪೆಟ್ಟಿಗೆ ತುಂಬ ಸಿಗಾರ್ ಇರುವಾಗ ತೇವವನ್ನು ಹಿಡಿದಿಡುವುದು ಬಹುಪಾಲು ಎಲೆ ಮತ್ತು ಮರವೇ. ಯಂತ್ರದ ಪಾಲು ಕಡಿಮೆ. ಇಟ್ಟವನ ಮುಖ್ಯ ಕೆಲಸ ಅದನ್ನು ಕೆಣಕದೆ ಬಿಡುವುದು.

ಎಲೆಯೊಳಗೆ ನಡೆಯುವುದು

ಹವಾನಾ ಸಿಗಾರಿನ ಉತ್ತಮ ಎಲೆ ಬರುವುದು ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ಸೀಮೆಯಿಂದ. ಕೊಯ್ದ ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಗಳಲ್ಲಿ ಕೋಲಿಗೆ ಪೋಣಿಸಿ ತೂಗುಹಾಕುತ್ತಾರೆ. ಸುಮಾರು 50 ದಿನಗಳಲ್ಲಿ ಹಸಿರು ಇಳಿದು ಕಂದು ಬಣ್ಣ ಬರುತ್ತದೆ. ಆಮೇಲೆ ಎಲೆಗಳನ್ನು ರಾಶಿ ಒಟ್ಟಿ ಹುದುಗಲು ಬಿಡುತ್ತಾರೆ. ರಾಶಿಯ ಒಡಲು ತಾನಾಗಿಯೇ ಬಿಸಿಯೇರುತ್ತದೆ, ಎಲೆಯ ಪ್ರೋಟೀನು ಒಡೆದು ಅಮೋನಿಯಾ ಹೊರಬೀಳುತ್ತದೆ, ನಿಕೊಟಿನ್ ಸ್ವಲ್ಪ ತಗ್ಗುತ್ತದೆ. ಸಿಗಾರಿನ ಒಡಲಿಗೆ ತುಂಬುವ ಎಲೆಗಳು ಮೂರು ಬಗೆ: ಗಿಡದ ಕೆಳಭಾಗದ ವೊಲಾದೊ ಚೆನ್ನಾಗಿ ಉರಿಯುತ್ತದೆ, ನಡುವಿನ ಸೆಕೊ ಪರಿಮಳ ಕೊಡುತ್ತದೆ, ಬಿಸಿಲುಂಡ ತುದಿಯ ಲಿಗೆರೊ ಖಾರ ಕೊಡುತ್ತದೆ. ದಪ್ಪಗಿದ್ದು ಎಣ್ಣೆಯಂಶ ಹೆಚ್ಚಿರುವ ಲಿಗೆರೊ ಹುದುಗಲು ಹೆಚ್ಚು ಕಾಲ ಬೇಕು. ಸಿಗಾರ್ ಎಷ್ಟು ವರ್ಷ ಮಾಗಬಲ್ಲದು ಎಂಬುದನ್ನು ಬಹುಪಾಲು ನಿರ್ಧರಿಸುವುದೂ ಇದೇ ಎಲೆ.

ಸುತ್ತುವ ಮುನ್ನ ಒಣ ಎಲೆ ಪುಡಿಯಾಗದಿರಲೆಂದು ಅದಕ್ಕೆ ನೀರು ಚಿಮುಕಿಸಿ ಮೆದುಗೊಳಿಸುತ್ತಾರೆ. ಆ ನೀರಿನಿಂದ ಮಲಗಿದ್ದ ಹುದುಗು ಮತ್ತೆ ಎಚ್ಚರಗೊಳ್ಳುತ್ತದೆ. ಹೊಸದಾಗಿ ಸುತ್ತಿದ ಸಿಗಾರನ್ನು ಮೂಗಿಗೆ ಹಿಡಿದರೆ ಬರುವ ಚುರುಕು ಅಮೋನಿಯಾ ವಾಸನೆಗೆ ಇದೇ ಕಾರಣ. ಕಾರ್ಖಾನೆಗಳಲ್ಲಿ ‘ಎಸ್ಕಪರಾತೆ’ ಎಂಬ ಸೀಡರ್ ಕಪಾಟಿನ ಕೋಣೆಯಲ್ಲಿ ಸಿಗಾರುಗಳನ್ನು ಕೆಲ ವಾರ ವಿಶ್ರಾಂತಿಗೆ ಇಡುವುದು ಈ ಹೆಚ್ಚುವರಿ ನೀರು ಇಳಿಯಲೆಂದು. ಸುತ್ತಿದ ಮೂರು ತಿಂಗಳೊಳಗೆ ಸೇದು, ಇಲ್ಲವೇ ಒಂದು ವರ್ಷ ಮುಟ್ಟಬೇಡ ಎಂಬ ಮಾತು ಈ ರಂಗದಲ್ಲಿ ಹಳೆಯದು. ನಡುವಿನ ಅವಧಿಯನ್ನು ಸಂಗ್ರಾಹಕರು ಸಿಗಾರಿನ ‘ಕಾಯಿಲೆಯ ಕಾಲ’ ಎನ್ನುತ್ತಾರೆ.

ಹಾಂಗ್‌ಕಾಂಗ್‌ನ ಮಿನ್ ರಾನ್ ನೀ 2003ರಲ್ಲಿ ಹೊರತಂದ, ಕ್ಯೂಬಾ ಕ್ರಾಂತಿಯ ನಂತರದ ಹವಾನಾ ಸಿಗಾರುಗಳ ಸಚಿತ್ರ ವಿಶ್ವಕೋಶ ಮಾಗುವಿಕೆಯನ್ನು ಹಂತಗಳಾಗಿ ವಿಂಗಡಿಸಿತು: ಮೊದಲು ಕಾಯಿಲೆಯ ಕಾಲ, ಬಳಿಕ ಮೂರು ಮಾಗುವಿಕೆಗಳು. ಮೊದಲನೆಯದರಲ್ಲಿ ಹುದುಗಿನ ಕೊಳಕು ವಾಸನೆಗಳು ತೀರುತ್ತವೆ, ಎರಡನೆಯದರಲ್ಲಿ ಒಗರು ಕರಗುತ್ತದೆ, ಹದಿನೈದು ಇಪ್ಪತ್ತು ವರ್ಷ ದಾಟಿದ ಮೇಲಿನ ಮೂರನೆಯದರಲ್ಲಿ ನವಿರಾದ ಪರಿಮಳವೊಂದು ಉಳಿಯುತ್ತದೆ ಎಂಬುದು ಅವನ ವಾದದ ಸಾರ. ಇದು ಪ್ರಯೋಗಾಲಯದ ತೀರ್ಮಾನವಾಗಿರದೆ ನಾಲಗೆ ಮತ್ತು ಮೂಗಿನ ಅನುಭವವನ್ನು ಕ್ರಮಕ್ಕೆ ಇಟ್ಟ ಪ್ರಯತ್ನ. ಹಾಗಿದ್ದರೂ ಇಂದಿನ ಸಂಗ್ರಾಹಕರು ಆಡುವ ಭಾಷೆಯ ಅರ್ಧಪಾಲು ಅಲ್ಲಿಂದಲೇ ಬಂದದ್ದು.

ತೇವದ ಲೆಕ್ಕ

ಸಾಪೇಕ್ಷ ಆರ್ದ್ರತೆ ಎಂದರೆ ಗಾಳಿ ಆ ತಾಪದಲ್ಲಿ ಹೊರಬಲ್ಲ ನೀರಾವಿಯಲ್ಲಿ ಈಗ ಎಷ್ಟು ಪಾಲು ಇದೆ ಎಂಬ ಲೆಕ್ಕ. 18 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 15 ಗ್ರಾಂ ಚಿಲ್ಲರೆ ನೀರಾವಿ ಹಿಡಿಯುತ್ತದೆ. 25 ಡಿಗ್ರಿಯಲ್ಲಿ 23 ಗ್ರಾಂ. 30 ಡಿಗ್ರಿಯಲ್ಲಿ 30 ಗ್ರಾಂ. ಹೀಗಾಗಿ 18 ಡಿಗ್ರಿಯಲ್ಲಿ ಶೇ. 70 ತೇವವಿದ್ದ ಬರಿಯ ಗಾಳಿಯನ್ನು 25 ಡಿಗ್ರಿಗೆ ಕಾಯಿಸಿದರೆ ತೇವ ಶೇ. 50ಕ್ಕಿಂತ ಕೆಳಗಿಳಿಯುತ್ತದೆ. ಪುಸ್ತಕದ ಈ ಲೆಕ್ಕವನ್ನು ಸಿಗಾರ್ ಪೆಟ್ಟಿಗೆಗೆ ನೇರವಾಗಿ ಅನ್ವಯಿಸಿ, ಬೇಸಿಗೆಯಲ್ಲಿ ಸಿಗಾರ್ ಒಣಗಿಬಿಡುತ್ತದೆಂದು ನೀರು ತುಂಬಿಸಿ ಕೆಡಿಸಿಕೊಳ್ಳುವವರಿದ್ದಾರೆ.

ತಂಬಾಕು ನೀರನ್ನು ಹೀರುವ, ಬಿಡುವ ಪದಾರ್ಥ. ಸುಮಾರು 15 ಗ್ರಾಂ ತೂಗುವ 50 ದೊಡ್ಡ ಸಿಗಾರುಗಳ ಒಂದು ಪೆಟ್ಟಿಗೆ ತೆಗೆದುಕೊಳ್ಳಿ. ಎಲೆಯ ಒಟ್ಟು ತೂಕ 750 ಗ್ರಾಂ; ಅದರಲ್ಲಿ ಶೇ. 13ರಷ್ಟು ನೀರು ಎಂದರೂ 100 ಗ್ರಾಮಿನ ಹತ್ತಿರ. ಪೆಟ್ಟಿಗೆ ಮತ್ತು ಅದರ ಸುತ್ತ 10 ಲೀಟರ್ ಗಾಳಿ ಇದೆ ಎಂದು ಧಾರಾಳವಾಗಿ ಹಿಡಿದರೂ, ಆ ಗಾಳಿಯಲ್ಲಿರುವ ನೀರಾವಿ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಎಲೆಯಲ್ಲಿ ಗಾಳಿಗಿಂತ ಸಾವಿರ ಪಟ್ಟು ಹೆಚ್ಚು ನೀರಿದೆ. ಮುಚ್ಚಿದ ಡಬ್ಬಿ ಬೆಚ್ಚಗಾದರೆ ಎಲೆ ತನ್ನ ನೀರಿನಲ್ಲಿ ಒಂದಿಷ್ಟನ್ನು ಗಾಳಿಗೆ ಬಿಡುತ್ತದೆ, ಮಾಪಕದ ಅಂಕಿ ಇಳಿಯುವ ಬದಲು ಕೊಂಚ ಏರುತ್ತದೆ. ಡಬ್ಬಿ ತಣಿದರೆ ಎಲೆ ಅದನ್ನು ಮರಳಿ ಹೀರುತ್ತದೆ. ಖಾಲಿ ಹ್ಯೂಮಿಡಾರಿನಲ್ಲಿ, ಅಂದರೆ ಸಿಗಾರಿನ ತೇವ ಕಾಯುವ ಪೆಟ್ಟಿಗೆಯಲ್ಲಿ, ಗಡಿಯಾರದ ಲೋಲಕದಂತೆ ಅಲೆದಾಡುವ ತೇವ, ಅದೇ ಹ್ಯೂಮಿಡಾರನ್ನು ಮುಕ್ಕಾಲು ತುಂಬಿಸಿದಾಗ ತಣ್ಣಗೆ ನಿಂತುಬಿಡುವುದು ಇದರಿಂದ.

ಮಾಪಕ ಅಳೆಯುವುದು ಗಾಳಿಯನ್ನು. ಮಾಗುವುದು ಎಲೆ. ಇವೆರಡೂ ಸಮತೋಲಕ್ಕೆ ಬರಲು ಒಂದು ಬಿಡಿ ಸಿಗಾರಿಗೆ ವಾರಗಳು ಬೇಕು, ಮುಚ್ಚಿದ ಪೆಟ್ಟಿಗೆಗೆ ತಿಂಗಳುಗಳು. ಆದ್ದರಿಂದ ಒಂದು ದಿನ ಶೇ. 62 ತೋರಿಸಿತು, ಮರುದಿನ 68 ತೋರಿಸಿತು ಎಂದು ಚಡಪಡಿಸುವುದರಲ್ಲಿ ಅರ್ಥವಿಲ್ಲ. ಮೂರು ತಿಂಗಳ ಸರಾಸರಿ ಎತ್ತ ಜಾರುತ್ತಿದೆ ಎಂಬುದು ಮುಖ್ಯ. ಹಳಬರು ಮಾಪಕಕ್ಕಿಂತ ಬೆರಳನ್ನು ನಂಬುತ್ತಾರೆ: ಸಿಗಾರನ್ನು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಅದುಮಿದರೆ ಅದು ತಗ್ಗಿ, ಬಿಟ್ಟಾಗ ಮತ್ತೆ ಮೇಲೇಳಬೇಕು. ಚಟಚಟ ಸದ್ದು ಬಂದರೆ ಒಣಗಿದೆ. ಅದುಮಿದ ಗುರುತು ಹಾಗೇ ಉಳಿದರೆ ನೀರು ಹೆಚ್ಚಾಗಿದೆ.

ಸೇದುವ ತೇವ ಮತ್ತು ಮಾಗಿಸುವ ತೇವ ಒಂದೇ ಆಗಿರಬೇಕೆಂದಿಲ್ಲ. ಶೇ. 70ರಲ್ಲಿ ಇಟ್ಟದ್ದು ಬೇಗ ಬದಲಾಗುತ್ತದೆ, ಬೂಷ್ಟಿನ ಗಡಿಗೂ ಹತ್ತಿರವಿರುತ್ತದೆ. ಶೇ. 60ಕ್ಕಿಂತ ಕೆಳಗೆ ಹೋದರೆ ಪರಿಮಳದ ಎಣ್ಣೆಗಳು ನಿಧಾನವಾಗಿ ಹಾರಿಹೋಗಿ, ಮತ್ತೆ ನೀರುಣಿಸಿದರೂ ಮರಳುವುದಿಲ್ಲ. ದೀರ್ಘಕಾಲಕ್ಕೆ 62ರಿಂದ 66ರ ನಡುವೆ ನಿಲ್ಲಿಸುವವರು ಈಗ ಹೆಚ್ಚು, ಅದರಲ್ಲೂ ಕ್ಯೂಬಾದ ಸಿಗಾರ್ ಇಡುವವರು. ಈ ಲೇಖಕನ ಒಲವೂ ಅತ್ತಲೇ.

ಮರ ಮತ್ತು ಪೆಟ್ಟಿಗೆ

ಸಿಗಾರ್ ಪೆಟ್ಟಿಗೆಯ ‘ಸ್ಪ್ಯಾನಿಷ್ ಸೀಡರ್’ ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕ ಹಾಗೂ ಕೆರಿಬಿಯನ್ ದ್ವೀಪಗಳ ಸೆಡ್ರೆಲಾ ಒಡೊರಾಟ ಎಂಬ ಮರ. ಮಹಾಗನಿಯ, ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ಪಶ್ಚಿಮಘಟ್ಟದ ಗಂಧಗರಿಗೆ ಇದರ ಹತ್ತಿರದ ನೆಂಟ. ಅದನ್ನು ಒಂದು ಕಾಲಕ್ಕೆ ಸೆಡ್ರೆಲಾ ಕುಲದಲ್ಲೇ ಎಣಿಸಿದ್ದರು, ಅದರ ಹಲಗೆಯಿಂದಲೂ ಸಿಗಾರ್ ಡಬ್ಬಿ ಮಾಡಿದ್ದುಂಟು. ಹಗುರ, ಸೀಳದ ಎಳೆ, ತೇವ ಹೀರಿ ಬಿಡುವ ಗುಣ, ಸೌಮ್ಯವಾದ ವಾಸನೆ: ಈ ನಾಲ್ಕೂ ಸೇರಿ ಸೆಡ್ರೆಲಾವನ್ನು ಸಿಗಾರಿಗೆ ಹೇಳಿ ಮಾಡಿಸಿದ ಮರವನ್ನಾಗಿಸಿವೆ. ಅದರ ಗಂಧ ತಂಬಾಕಿನ ಜೀರುಂಡೆಯನ್ನು ಓಡಿಸುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅಷ್ಟು ಭರವಸೆ ಇಡುವಂತಿಲ್ಲ; ಸೀಡರ್ ಪೆಟ್ಟಿಗೆಯಲ್ಲೇ ಹುಳು ಹೊಡೆದ ಸಿಗಾರುಗಳು ಬೇಕಾದಷ್ಟಿವೆ.

ಪೆಟ್ಟಿಗೆಗಳಲ್ಲಿ ಎರಡು ಮುಖ್ಯ ಜಾತಿ. ಬಣ್ಣಬಣ್ಣದ ಕಾಗದ ಅಂಟಿಸಿದ ಪೆಟ್ಟಿಗೆಯಲ್ಲಿ 25 ಸಿಗಾರುಗಳು ಎರಡು ಸಾಲಿನಲ್ಲಿ ಮಲಗಿರುತ್ತವೆ, ಒತ್ತಡಕ್ಕೆ ತುಸು ಚೌಕಾಕಾರವಾಗುತ್ತವೆ. ಕ್ಯಾಬಿನೆಟ್ ಪೆಟ್ಟಿಗೆ ಬಣ್ಣ ಬಳಿಯದ ಸೀಡರಿನದು. ಜಾರುವ ಮುಚ್ಚಳ ಎಳೆದರೆ ಹಳದಿ ರೇಷ್ಮೆ ಪಟ್ಟಿಯಿಂದ ಕಟ್ಟಿದ 25 ಅಥವಾ 50 ಸಿಗಾರುಗಳ ಕಟ್ಟು ಸಿಗುತ್ತದೆ, ಸಿಗಾರುಗಳ ನಡುವೆ ಕಾಗದವಿಲ್ಲ, ಹಲಗೆಯಿಲ್ಲ. ಎಲೆ ಎಲೆಗೆ ತಾಗಿ, ರಾಶಿಯಾಗಿ ಮಾಗುತ್ತದೆ. 194 ಮಿಲಿಮೀಟರ್ ಉದ್ದದ ಪಾರ್ತಗಾಸ್ ಲುಸಿತಾನಿಯಾ 50ರ ಕ್ಯಾಬಿನೆಟ್ ಪೆಟ್ಟಿಗೆಯಲ್ಲಿ ಮಾಗಿಸುವವರ ಅಚ್ಚುಮೆಚ್ಚು. ಅದೇ ಸಿಗಾರು ಸಣ್ಣ ಡಬ್ಬಿಯಲ್ಲಿ ಅಷ್ಟು ಚೆನ್ನಾಗಿ ಮಾಗುವುದಿಲ್ಲವೆಂಬುದು ಅನೇಕರ ಅನುಭವ. ಗಾತ್ರ ದೊಡ್ಡದಾದಷ್ಟೂ ಹೊರಗಿನ ಏರಿಳಿತ ಒಳಗೆ ಮುಟ್ಟುವುದು ತಡ, ಇದರಲ್ಲಿ ಗುಟ್ಟೇನಿಲ್ಲ. ಲೋಹದ ಕೊಳವೆಯಲ್ಲಿ ಒಂದೊಂದೇ ಬರುವ ಸಿಗಾರು ಪ್ರಯಾಣಕ್ಕೆ ಅನುಕೂಲ, ಮಾಗಿಸಲು ಅಲ್ಲ.

ಪೆಟ್ಟಿಗೆಯ ತಳದಲ್ಲಿ ಅದರ ಜಾತಕವಿರುತ್ತದೆ. 1985ರಿಂದ ಕ್ಯೂಬಾ ಪೆಟ್ಟಿಗೆಗಳಿಗೆ ಕಾರ್ಖಾನೆ ಮತ್ತು ತಿಂಗಳಿನ ಸಂಕೇತ ಒತ್ತುತ್ತಿದೆ. ಮೊದಲಿಗೆ ಅದು ಗುಪ್ತಲಿಪಿಯಲ್ಲಿತ್ತು: ‘ನಿವೆಲಾಕುಸೊ’ ಎಂಬ ಹತ್ತಕ್ಷರದ ಸ್ಪ್ಯಾನಿಷ್ ಪದಗುಚ್ಛದ ಮೊದಲಕ್ಷರ 1, ಎರಡನೆಯದು 2, ಕೊನೆಯದು 0. ವ್ಯಾಪಾರಿಗಳು ಅದನ್ನು ಬೇಗನೆ ಬಿಡಿಸಿಬಿಟ್ಟರು. ಈಗ ಸ್ಪ್ಯಾನಿಷ್ ತಿಂಗಳ ಹೆಸರಿನ ಮೂರಕ್ಷರ ಮತ್ತು ವರ್ಷ ನೇರವಾಗಿಯೇ ಇರುತ್ತದೆ. ಇಪ್ಪತ್ತು ವರ್ಷದ ಪೆಟ್ಟಿಗೆ ಎಂದು ಹೇಳಿ ಮಾರುವವರ ಮಾತನ್ನು ಒರೆಗೆ ಹಚ್ಚಲು ಈ ಮುದ್ರೆಯೇ ಮೊದಲ ಸಾಕ್ಷಿ. ಮುದ್ರೆಯನ್ನೂ ನಕಲು ಮಾಡುವವರಿರುವುದರಿಂದ ಅದೇ ಕೊನೆಯದಲ್ಲ.

ಪೆಟ್ಟಿಗೆಗೆ ಗಾಳಿ ಬೇಕೇ ಬೇಡವೇ ಎಂಬುದು ಇತ್ಯರ್ಥವಾಗದ ಜಗಳ. ತಿಂಗಳಿಗೊಮ್ಮೆ ತೆರೆದು ಉಸಿರಾಡಿಸಬೇಕು ಎನ್ನುವವರು ಅಮೋನಿಯಾ ಹೊರಹೋಗಲಿ ಎನ್ನುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಕಪಾಟಿಗೆ ಸೇರಿಸುವವರು ಪರಿಮಳ ಉಳಿಯಲಿ ಎನ್ನುತ್ತಾರೆ. ಎರಡರಲ್ಲೂ ಸತ್ಯವಿದೆ, ಕಾಲ ಬೇರೆ ಬೇರೆ. ಹೊಸ ಪೆಟ್ಟಿಗೆಗೆ ಮೊದಲ ಒಂದೆರಡು ವರ್ಷ ತುಸು ಗಾಳಿ ಒಳ್ಳೆಯದು. ಅಮೋನಿಯಾ ಅಡಗಿದ ಮೇಲೆ ಮುಚ್ಚಿಡುವುದೇ ಲೇಸು. ಉಪ್ಪಿನಕಾಯಿ ಭರಣಿಗೆ ಪದೇಪದೇ ಕೈಹಾಕಬಾರದೆಂದು ಮನೆಯ ಹಿರಿಯರು ಗದರುವುದಕ್ಕೆ ಇರುವ ಕಾರಣ ಇಲ್ಲಿಗೂ ಸಲ್ಲುತ್ತದೆ.

ಉಪಕರಣಗಳು

ಮೇಜಿನ ಮೇಲಿಡುವ ಹೊಳೆವ ಮರದ ಹ್ಯೂಮಿಡಾರು ನೋಡಲು ಚೆಂದ. ಅದರಲ್ಲಿ ಹಿಡಿಯುವುದು ಬಿಡಿ ಸಿಗಾರುಗಳು. ದೀರ್ಘಕಾಲದ ಸಂಗ್ರಹಕ್ಕೆ ಅದು ಸಾಲದು. ಪೆಟ್ಟಿಗೆಗಳನ್ನು ಇಡುವವರು ಬಳಸುವುದು ದೊಡ್ಡ ಕಪಾಟು, ತಂಪು ಕೋಣೆ, ವೈನ್ ಇಡುವ ಫ್ರಿಜ್, ಅಥವಾ ದಪ್ಪ ಗೋಡೆಯ ಪಿಕ್‌ನಿಕ್ ಐಸ್‌ಬಾಕ್ಸ್. ಕೊನೆಯದು ಅಗ್ಗ, ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಮುಚ್ಚುತ್ತದೆ, ತಾಪ ಮೆಲ್ಲಗೆ ಬದಲಾಗುತ್ತದೆ. ದುಬಾರಿ ಕಪಾಟಿಗಿಂತ ಅದೇ ವಾಸಿ ಎಂದು ಹೇಳಲು ಸಂಗ್ರಾಹಕರು ಸಂಕೋಚಪಡುತ್ತಾರಷ್ಟೆ. ವೈನ್ ಫ್ರಿಜ್ಜಿನ ತೊಂದರೆ ಬೇರೆ. ತಣ್ಣನೆಯ ಫಲಕದ ಮೇಲೆ ನೀರಾವಿ ಹನಿಗಟ್ಟಿ ಹರಿದುಹೋಗುತ್ತದೆ, ಹೀಗೆ ತಂಪು ಮಾಡುತ್ತಲೇ ಅದು ಒಣಗಿಸುತ್ತದೆ. ಕಂಪ್ರೆಸರ್ ಇರುವ ಯಂತ್ರದಲ್ಲಿ ಇದು ಹೆಚ್ಚು.

ತೇವ ಕೊಡಲು ಹಿಂದೆ ಸ್ಪಂಜು, ಹೂಗುಚ್ಛಕ್ಕೆ ಬಳಸುವ ಹಸಿರು ಫೋಮ್ ಇದ್ದವು. ಬಟ್ಟಿಯಿಳಿಸಿದ ನೀರಿಗೆ ಸಮಪಾಲು ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದರೆ ಅದು ಶೇ. 70ರ ಸುತ್ತ ನಿಲ್ಲುತ್ತದೆ, ಬೂಷ್ಟನ್ನೂ ತಡೆಯುತ್ತದೆ. ನಲ್ಲಿ ನೀರು ಬಳಸಬಾರದು. ಅದರ ಖನಿಜಗಳು ಸ್ಪಂಜಿನ ರಂಧ್ರ ಕಟ್ಟುತ್ತವೆ. ಈಗ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಮಿನ್ನೆಸೋಟದ ಬೊವೆಡಾ ಕಂಪನಿಯ ಪೊಟ್ಟಣಗಳು. ಆವಿಯನ್ನು ಮಾತ್ರ ಬಿಡುವ ಪೊರೆಯೊಳಗೆ ಉಪ್ಪಿನ ಸಾಂದ್ರ ದ್ರಾವಣ ತುಂಬಿರುತ್ತಾರೆ; ಒಂದೊಂದು ದ್ರಾವಣಕ್ಕೂ ಅದರದೇ ಆದ ಸಮತೋಲದ ತೇವವಿರುವುದರಿಂದ 62, 65, 69, 72 ಎಂದು ಅಂಕಿ ನೋಡಿಯೇ ಕೊಳ್ಳಬಹುದು. ತೇವ ಹೆಚ್ಚಾದರೆ ಅದು ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ.

ಇದೇ ತತ್ವದಿಂದ ತೇವ ಅಳೆಯುವ ಮಾಪಕವಾದ ಹೈಗ್ರೋಮೀಟರನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ, ಮುದ್ದೆಯಾಗುವಷ್ಟೇ ಕೆಲವು ಹನಿ ನೀರು ಹಾಕಬೇಕು. ಉಪ್ಪು ಪೂರ್ತಿ ಕರಗಿಹೋಗಬಾರದು. ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ದಿನ ಬಿಟ್ಟರೆ ಒಳಗಿನ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಮನೆಗಳ ತಾಪದಲ್ಲಿ ಈ ಅಂಕಿ ಹೆಚ್ಚುಕಡಿಮೆ ಅಲುಗುವುದಿಲ್ಲ. ಮಾಪಕ 71 ತೋರಿಸಿದರೆ ಅದು 4 ಕಡಿಮೆ ಹೇಳುತ್ತಿದೆ ಎಂದರ್ಥ. ಹ್ಯೂಮಿಡಾರಿನ ಮುಚ್ಚಳಕ್ಕೆ ಅಂಟಿಸಿ ಕೊಡುವ ಹಿತ್ತಾಳೆಯ ಮುಳ್ಳಿನ ಮಾಪಕಗಳು ಈ ಪರೀಕ್ಷೆಯಲ್ಲಿ ಪಾಸಾಗುವುದು ಅಪರೂಪ. ಅವನ್ನು ಅಲಂಕಾರವೆಂದು ಎಣಿಸಬಹುದು.

ಹೊಸ ಹ್ಯೂಮಿಡಾರಿನ ಒಣ ಮರ ಸಿಗಾರಿನ ನೀರನ್ನೇ ಕುಡಿದುಬಿಡುತ್ತದೆ. ಆದ್ದರಿಂದ ಖಾಲಿ ಇರುವಾಗಲೇ ಎರಡು ವಾರ ಅದಕ್ಕೆ ತೇವ ಉಣಿಸಿ ಹದ ಮಾಡಬೇಕು. ಒದ್ದೆ ಬಟ್ಟೆಯಿಂದ ಒಳಗೋಡೆ ಒರೆಸುವ ಹಳೆಯ ಕ್ರಮದಲ್ಲಿ ಹಲಗೆ ಸೊಟ್ಟಗಾಗುವ ಅಪಾಯವಿದೆ.

ಜೀರುಂಡೆ ಮತ್ತು ಬೂಷ್ಟು

ತಂಬಾಕಿನ ಜೀರುಂಡೆ, ವೈಜ್ಞಾನಿಕವಾಗಿ ಲೇಸಿಯೊಡರ್ಮ ಸೆರಿಕಾರ್ನೆ, ಎರಡು ಮೂರು ಮಿಲಿಮೀಟರಿನ ಕೆಂಗಂದು ಕೀಟ. ಹೆಸರು ತಂಬಾಕಿನದಾದರೂ ಅದರ ಹೊಟ್ಟೆ ಬಲು ಉದಾರ: ಗೋದಾಮಿನ ಅರಿಸಿನ, ಶುಂಠಿ, ಒಣಮೆಣಸಿನಕಾಯಿಗಳಲ್ಲಿ ಪುಡಿಯುದುರಿಸುವ ಹುಳವೂ ಇದೇ. ತಂಬಾಕು ಅಮೆರಿಕದಿಂದ ಹೊರಬರುವುದಕ್ಕೆ ಮೂರು ಸಾವಿರ ವರ್ಷಗಳಷ್ಟು ಮೊದಲೇ ಮುಚ್ಚಿದ ಈಜಿಪ್ಟಿನ ತುತಾಂಖಾಮನ್ ಗೋರಿಯಲ್ಲೂ ಇದರ ಅವಶೇಷ ಸಿಕ್ಕಿದೆ. ಹೊಲದಿಂದಲೋ ಗೋದಾಮಿನಿಂದಲೋ ಎಲೆಯ ಜೊತೆ ಬಂದ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ತಂಪಿನಲ್ಲಿ ಅದು ಸುಮ್ಮನಿರುತ್ತದೆ. 30 ಡಿಗ್ರಿ ತಾಪ, ಶೇ. 70 ತೇವ ಸಿಕ್ಕಿತೆಂದರೆ ಮೊಟ್ಟೆಯೊಡೆದು, ಬಿಳಿ ಮರಿಹುಳು ಸಿಗಾರಿನ ಉದ್ದಕ್ಕೂ ಸುರಂಗ ಕೊರೆದು, ತಿಂಗಳು ಒಂದೂವರೆ ತಿಂಗಳಲ್ಲಿ ಜೀರುಂಡೆಯಾಗಿ ಹೊದಿಕೆ ಎಲೆಯಲ್ಲಿ ಸೂಜಿ ಚುಚ್ಚಿದಂತೆ ಗುಂಡನೆಯ ತೂತು ಮಾಡಿ ಹೊರಬರುತ್ತದೆ. ಪೆಟ್ಟಿಗೆಯ ತಳದಲ್ಲಿ ಕಾಫಿಪುಡಿಯಂಥ ಹುಡಿ ಕಂಡರೆ ತಡಮಾಡಬಾರದು.

ಮದ್ದು ಡೀಪ್ ಫ್ರೀಜರ್. ಪೆಟ್ಟಿಗೆಯನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಒಂದು ದಿನ ಫ್ರಿಜ್ಜಿನಲ್ಲಿ, ಮೂರು ನಾಲ್ಕು ದಿನ ಸೊನ್ನೆಗಿಂತ ಕೆಳಗೆ 18–20 ಡಿಗ್ರಿಯಲ್ಲಿ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಕೋಣೆಗೆ ತರಬೇಕು. ನಡುವಿನ ಮೆಟ್ಟಿಲು ತಪ್ಪಿಸಿದರೆ ಹೊದಿಕೆ ಎಲೆ ಸೀಳುತ್ತದೆ. ಚೀಲವನ್ನು ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಎಲೆಯ ಮೇಲೆ ನೀರು ಹನಿಯುತ್ತದೆ. 2000ರ ದಶಕದ ಮಧ್ಯದಿಂದ ಹಬಾನೋಸ್ ತಾನೇ ಸಿಗಾರುಗಳನ್ನು ಹೀಗೆ ಹೆಪ್ಪುಗಟ್ಟಿಸಿ ರಫ್ತು ಮಾಡುತ್ತಿರುವುದರಿಂದ ಹುಳುವಿನ ಕಾಟ ಬಹಳ ತಗ್ಗಿದೆ. ಅದಕ್ಕೂ ಹಿಂದಿನ ಪೆಟ್ಟಿಗೆ ಕೊಂಡವರು ಈ ಕೆಲಸವನ್ನು ತಾವೇ ಮಾಡಬೇಕು.

ಬೂಷ್ಟು ಶೇ. 75ರ ಆಸುಪಾಸಿನಲ್ಲಿ ಹುಟ್ಟುತ್ತದೆ, ಗಾಳಿ ಓಡಾಡದ ಮೂಲೆಯಲ್ಲಿ ಇನ್ನೂ ಬೇಗ. ಹೊದಿಕೆಯ ಮೇಲೆ ನಾಲ್ಕು ಬಿಳಿ ಚುಕ್ಕೆ ಕಂಡರೆ ಮೆದು ಬ್ರಷ್ಷಿನಿಂದ ಒರೆಸಿ, ತೇವ ಇಳಿಸಿ ಉಳಿಸಿಕೊಳ್ಳಬಹುದು. ಹಚ್ಚುವ ತುದಿಯ ಒಳಗೆ ಹೊಕ್ಕಿದ್ದರೆ ಆ ಸಿಗಾರನ್ನು ಎಸೆಯುವುದೇ ಸರಿ. ಬಹಳ ಮಾಗಿದ ಸಿಗಾರಿನ ಮೇಲೆ ಎಣ್ಣೆ ಹರಳುಗಟ್ಟಿ ಬಿಳಿ ಧೂಳಿನಂತೆ ಕೂರುತ್ತದೆ, ಅದು ಶ್ರೇಷ್ಠತೆಯ ಗುರುತು ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟಾಗ ಇಂಥ ‘ಹೂವು’ ಬೂಷ್ಟಾಗಿ ಕಂಡದ್ದೇ ಹೆಚ್ಚು. ಮಾರುವವನು ಹಾಗೆ ಹೇಳಿದಾಗ ತುಸು ಬೆಲೆ ಇಳಿಸಿ ಕೇಳುವುದು ಜಾಣತನ.

ಲಂಡನ್ನಿನ ನೆಲಮಾಳಿಗೆಗಳು

ಕ್ಯೂಬಾದಲ್ಲಿ ಸಿಗಾರನ್ನು ಹೊಸದಾಗಿಯೇ ಸೇದುತ್ತಾರೆ. ಹಳೆಯದನ್ನು ಬಯಸುವ ರುಚಿ ಬ್ರಿಟನ್ನಿನದು. ಅಲ್ಲಿನ ನೆಲಮಾಳಿಗೆಗಳು ವರ್ಷವಿಡೀ ತಂಪು, ಒಂದಿಷ್ಟು ಥಂಡಿ; ಯಂತ್ರವಿಲ್ಲದೆಯೇ ಸಿಗಾರಿಗೆ ಬೇಕಾದ ಹವೆ ಅಲ್ಲಿತ್ತು. ವ್ಯಾಪಾರಿಗಳು ಪೆಟ್ಟಿಗೆಗಳನ್ನು ವರ್ಷಗಟ್ಟಲೆ ಇಟ್ಟು, ಹದಕ್ಕೆ ಬಂದ ಮೇಲೆ ಮಾರುತ್ತಿದ್ದರು. ಗಿರಾಕಿ ಕೊಂಡ ಪೆಟ್ಟಿಗೆಯನ್ನು ಅವನ ಹೆಸರಲ್ಲಿ ಅಂಗಡಿಯಲ್ಲೇ ಕಾಪಾಡುವುದೂ ರೂಢಿಯಾಯಿತು. ಸೇಂಟ್ ಜೇಮ್ಸ್ ಬೀದಿಯ ರಾಬರ್ಟ್ ಲೂಯಿಸ್ ಅಂಗಡಿ 1787ರಷ್ಟು ಹಳೆಯದು. ಇಂದು ಅದು ಜೆ. ಜೆ. ಫಾಕ್ಸ್ ಹೆಸರಿನಲ್ಲಿದೆ. 1900ರಲ್ಲಿ ಅಲ್ಲಿ ಖಾತೆ ತೆರೆದ ಒಬ್ಬ ಗಿರಾಕಿ ವಿನ್‌ಸ್ಟನ್ ಚರ್ಚಿಲ್.

ಚರ್ಚಿಲ್‌ಗೆ ಹವಾನಾ ಸಿಗಾರಿನ ಸಂಗ ಅಂಟಿದ್ದು 1895ರ ಕೊನೆಯಲ್ಲಿ, ಯುದ್ಧ ನೋಡಲು ಕ್ಯೂಬಾಕ್ಕೆ ಹೋಗಿದ್ದಾಗ. ಮರುವರ್ಷವೇ ಅವನು ಅಶ್ವದಳದ ಅಧಿಕಾರಿಯಾಗಿ ಬೆಂಗಳೂರಿನ ದಂಡಿಗೆ ಬಂದ. ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಉಳಿದ 13 ರೂಪಾಯಿ ಬಾಕಿ ಊರಿಗೆಲ್ಲ ಗೊತ್ತಿರುವ ಸಂಗತಿ. ಮುಂದೆ ಅವನ ಚಾರ್ಟ್‌ವೆಲ್ ಮನೆಯಲ್ಲಿ ಓದುವ ಕೋಣೆಗೆ ಹೊಂದಿಕೊಂಡ ಕೋಣೆಯಲ್ಲಿ ಸಾವಿರಾರು ಸಿಗಾರುಗಳಿದ್ದವೆನ್ನುತ್ತಾರೆ. 1941ರ ಏಪ್ರಿಲಿನಲ್ಲಿ ಜರ್ಮನರ ಬಾಂಬಿಗೆ ಲಂಡನ್ನಿನ ಡನ್‌ಹಿಲ್ ಅಂಗಡಿ ನಾಶವಾದ ರಾತ್ರಿ, ಅಲ್ಲಿಟ್ಟಿದ್ದ ನಿಮ್ಮ ಸಿಗಾರುಗಳು ಸುರಕ್ಷಿತವಾಗಿವೆ ಎಂದು ಪ್ರಧಾನಿಗೆ ಫೋನ್ ಹೋಯಿತೆಂಬ ಕಥೆ ಈ ವ್ಯಾಪಾರದ ಪುರಾಣಗಳಲ್ಲೊಂದು.

ಯಂತ್ರದಿಂದ ಹವೆ ನಿಯಂತ್ರಿಸಿದ ಸಿಗಾರ್ ಕೋಣೆಯ ಕೀರ್ತಿ ಸಲ್ಲುವುದು ಜಿನೀವಾದ ಜೀನೊ ದಾವಿದಾಫ್‌ಗೆ (1906–1994). ಕೀವ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಸ್ವಿಟ್ಜರ್ಲೆಂಡಿಗೆ ಬಂದ ಈ ವ್ಯಾಪಾರಿ, ಕ್ಯೂಬಾದ ಹವೆಯನ್ನು ತನ್ನ ಅಂಗಡಿಯ ನೆಲಮಾಳಿಗೆಯಲ್ಲಿ ಮರುಸೃಷ್ಟಿಸಿದ.

ಹಳೆಯ ಪೆಟ್ಟಿಗೆಗಳಿಗೆ ಚಿನ್ನದ ಬೆಲೆ ಬರಲು ರಾಜಕೀಯವೂ ಕಾರಣ. 1960ರಲ್ಲಿ ಕ್ಯಾಸ್ಟ್ರೊ ಸರ್ಕಾರ ತಂಬಾಕು ಉದ್ಯಮವನ್ನು ರಾಷ್ಟ್ರೀಕರಿಸಿತು. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾದ ಮೇಲೆ ವ್ಯಾಪಾರ ದಿಗ್ಬಂಧನ ಹೇರಿದ. ಸಹಿ ಹಾಕುವ ಮುನ್ನ ತನ್ನ ಪತ್ರಿಕಾ ಕಾರ್ಯದರ್ಶಿ ಪಿಯೆರ್ ಸ್ಯಾಲಿಂಜರ್‌ಗೆ ಹೇಳಿ 1,200 ಪೆಟಿಟ್ ಉಪ್ಮನ್ ಸಿಗಾರು ತರಿಸಿಕೊಂಡಿದ್ದನ್ನು ಸ್ಯಾಲಿಂಜರನೇ ಬರೆದಿದ್ದಾನೆ. ದಿಗ್ಬಂಧನಕ್ಕೆ ಮೊದಲಿನ ಪೆಟ್ಟಿಗೆಗಳು ಅಮೆರಿಕದಲ್ಲಿ ಪ್ರತ್ಯೇಕ ವರ್ಗವೇ ಆದವು.

ಕೊನೆಗೆ ಕ್ಯೂಬಾವೂ ಹಳೆಯದಕ್ಕೆ ಬೆಲೆ ಕಟ್ಟಿತು. ಮೂರು ವರ್ಷ ಹಳೆಯ ಎಲೆಯಿಂದ ಸುತ್ತಿದ ‘ರಿಸರ್ವಾ’, ಐದು ವರ್ಷದ ‘ಗ್ರಾನ್ ರಿಸರ್ವಾ’ ಬಂದವು. 2015ರಲ್ಲಿ ಬಂದ ‘ಅನ್ಯೆಹಾದೋಸ್’ ಸಾಲಿನಲ್ಲಿ ಸುತ್ತಿದ ಸಿಗಾರನ್ನೇ ಪೆಟ್ಟಿಗೆಯಲ್ಲಿ ಐದರಿಂದ ಎಂಟು ವರ್ಷ ದ್ವೀಪದಲ್ಲಿ ಮಾಗಿಸಿ ಮಾರಿದರು. ಎಲೆ ಹಳೆಯದಾಗುವುದಕ್ಕೂ ಸಿಗಾರು ಹಳೆಯದಾಗುವುದಕ್ಕೂ ಇರುವ ವ್ಯತ್ಯಾಸ ಕೊಳ್ಳುವವರಿಗೆ ತಿಳಿದಿರಬೇಕು.

ಎಲ್ಲ ಸಿಗಾರೂ ಕಾಲದೊಡನೆ ಮೇಲಾಗುತ್ತದೆಂಬುದು ಭ್ರಮೆ. ಬೊಲಿವಾರ್, ಪಾರ್ತಗಾಸ್, ರಮೋನ್ ಅಲ್ಯೋನೆಸ್ ಥರದ ಗಟ್ಟಿ ಸಿಗಾರುಗಳು ಹದಿನೈದು ಇಪ್ಪತ್ತು ವರ್ಷ ತಾಳುತ್ತವೆ. ಸೌಮ್ಯವಾದವು ಐದಾರು ವರ್ಷಕ್ಕೆ ಶಿಖರ ಮುಟ್ಟಿ ಸಪ್ಪೆಯಾಗಬಹುದು. ಕೆಟ್ಟದಾಗಿ ಸುತ್ತಿ, ಹೊಗೆ ಎಳೆಯಲಾರದಂತೆ ಬಿಗಿದ ಸಿಗಾರು ಮೂವತ್ತು ವರ್ಷದ ನಂತರವೂ ಬಿಗಿದೇ ಇರುತ್ತದೆ. 1990ರ ದಶಕದ ಕೊನೆಯ ಭರಾಟೆಯಲ್ಲಿ ಕ್ಯೂಬಾ ಅಂಥವನ್ನು ಸಾಕಷ್ಟು ಹೊರಬಿಟ್ಟಿತ್ತು.

ಭಾರತದ ಹವೆಯಲ್ಲಿ

ತಿರುಚಿರಾಪಳ್ಳಿ ಚುಟ್ಟಾ 19ನೇ ಶತಮಾನದಲ್ಲೇ ಲಂಡನ್ನಿನಲ್ಲಿ ಎಷ್ಟು ಪರಿಚಿತವಾಗಿತ್ತೆಂದರೆ 1887ರಲ್ಲಿ ಬಂದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರ ಅದರ ಬೂದಿಯನ್ನೇ ಗುರುತು ಹಿಡಿಯುತ್ತಾನೆ. ದಿಂಡಿಗಲ್‌ನಲ್ಲಿ ಸ್ಪೆನ್ಸರ್ ಕಂಪನಿಯ ಸಿಗಾರ್ ಕಾರ್ಖಾನೆಯಿತ್ತು. ಹತ್ತಿರದ ವೇದಸಂದೂರಿನಲ್ಲಿ ಸಿಗಾರು-ಚುಟ್ಟಾ ತಂಬಾಕಿಗೆ, ಬಂಗಾಳದ ದಿನ್‌ಹಾಟಾದಲ್ಲಿ ಹೊದಿಕೆ ಎಲೆಗೆ ಸಂಶೋಧನಾ ಕೇಂದ್ರಗಳು ನಡೆದಿವೆ. ಕರ್ನಾಟಕದ ತಂಬಾಕು ಬೇರೆಯದು: ಹುಣಸೂರು, ಪಿರಿಯಾಪಟ್ಟಣದ್ದು ಉರಿಹಾಕಿ ಬೇಯಿಸುವ ಸಿಗರೇಟಿನ ಎಲೆ, ನಿಪ್ಪಾಣಿಯದು ಬೀಡಿಯದು. ಪೆಟ್ಟಿಗೆಯಲ್ಲಿಟ್ಟು ಮಾಗಿಸುವ ಸಂಪ್ರದಾಯ ಈ ಯಾವುದಕ್ಕೂ ಇಲ್ಲ.

ಇಲ್ಲಿ ಸಿಗಾರ್ ಪೆಟ್ಟಿಗೆ ಇಡುವವರ ಮೊದಲ ಶತ್ರು ತಾಪ. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವ ಶೇ. 85–90ಕ್ಕೆ ಏರುತ್ತದೆ, ಆಗ ಬೇಕಾದದ್ದು ತೇವ ಕೊಡುವ ಪೊಟ್ಟಣಕ್ಕಿಂತ ಬಿಗಿಯಾದ ಮುಚ್ಚಳ. ಕಲಬುರಗಿಯ ಏಪ್ರಿಲಿನಲ್ಲಿ ತದ್ವಿರುದ್ಧ. ಬೆಂಗಳೂರು ಸೌಮ್ಯ ಎನ್ನುತ್ತೇವಾದರೂ ಬೇಸಿಗೆ ಮಧ್ಯಾಹ್ನ 33–34 ಡಿಗ್ರಿ ಮುಟ್ಟುವ ಊರಿನಲ್ಲಿ ಯಂತ್ರದ ಸಹಾಯವಿಲ್ಲದೆ ಜೀರುಂಡೆಯ ಮೊಟ್ಟೆ ಸುಮ್ಮನಿರುವುದಿಲ್ಲ. ಮೊದಲು ಡೀಪ್ ಫ್ರೀಜರಿನಲ್ಲಿ ಹುಳು ಕೊಂದು, ಮನೆಯ ಅತಿ ತಂಪಾದ ಒಳಕೋಣೆಯ ನೆಲಮಟ್ಟದಲ್ಲಿ, ಹೊರಗೋಡೆಗೆ ತಾಗದಂತೆ ಐಸ್‌ಬಾಕ್ಸ್ ಇಡುವುದು ಸರಳ ದಾರಿ. ಕರೆಂಟು ಹೋದರೂ ಅದಕ್ಕೆ ಚಿಂತೆಯಿಲ್ಲ. ಎ.ಸಿ. ಕೋಣೆಯಲ್ಲಿ ತೆರೆದ ಪೆಟ್ಟಿಗೆ ಇಟ್ಟರೆ ಒಂದೆರಡು ವಾರದಲ್ಲಿ ಸಿಗಾರು ಬಿರಿಯುತ್ತದೆ.

ಹಳೆಯದಾದ ಮಾತ್ರಕ್ಕೆ ಸಿಗಾರಿನ ಅಪಾಯ ಕಡಿಮೆಯಾಗುವುದಿಲ್ಲ. ಹೊಗೆ ನುಂಗದವರಿಗೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ. 2003ರ ತಂಬಾಕು ಕಾಯಿದೆ ಸಿಗಾರಿಗೂ ಅನ್ವಯಿಸುತ್ತದೆ. ಭಾರತದಲ್ಲಿ ಮಾರುವ ಪೆಟ್ಟಿಗೆಯ ಮುಖದ ಶೇ. 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇರಲೇಬೇಕು.

ಪೆಟ್ಟಿಗೆ ತೆರೆಯುವಾಗ

ಮಾಗಿದ ಪೆಟ್ಟಿಗೆಯನ್ನು ಒಮ್ಮೆಲೇ ಖಾಲಿ ಮಾಡುವವರು ಕಡಿಮೆ. ವರ್ಷಕ್ಕೊಂದು ಸಿಗಾರು ತೆಗೆದು ರುಚಿ ನೋಡಿ, ದಿನಾಂಕ ಸಹಿತ ಒಂದು ಸಾಲು ಬರೆದಿಡುವುದು ಒಳ್ಳೆಯ ರೂಢಿ. ಇಲ್ಲವಾದರೆ ಪೆಟ್ಟಿಗೆ ಶಿಖರ ದಾಟಿದ್ದು ಗೊತ್ತೇ ಆಗುವುದಿಲ್ಲ. ತೆಗೆಯುವುದು ಮೇಲಿನ ಸಾಲಿನಿಂದ. ಕೆಳಗಿನ ಸಾಲು ಮುಟ್ಟದೆ ಇರಲಿ, ಹಾಗೂ ಪೆಟ್ಟಿಗೆ ಅರ್ಧ ಖಾಲಿಯಾದ ಮೇಲೆ ಉಳಿದದ್ದನ್ನು ಸಣ್ಣ ಡಬ್ಬಿಗೆ ವರ್ಗಾಯಿಸಬೇಕು, ಏಕೆಂದರೆ ಎಲೆ ಕಡಿಮೆಯಾದಷ್ಟೂ ತೇವದ ಏರಿಳಿತ ಹೆಚ್ಚುತ್ತದೆ. ಶೇ. 68–70ರಲ್ಲಿ ಮಾಗಿಸಿದ್ದನ್ನು ಸೇದುವ ಮುನ್ನ ಎರಡು ಮೂರು ವಾರ 62–65ರಲ್ಲಿ ಇಟ್ಟರೆ ಉರಿ ಸಮನಾಗಿ ಬರುತ್ತದೆ.

ಒಣಗಿಹೋದ ಹಳೆಯ ಪೆಟ್ಟಿಗೆ ಸಿಕ್ಕಿದರೆ ಆತುರ ಬೇಡ. ನೇರವಾಗಿ 70ಕ್ಕೆ ಒಯ್ದರೆ ಹೊದಿಕೆ ಒಳಗಿನ ಎಲೆಗಿಂತ ಬೇಗ ಉಬ್ಬಿ ಬಿರಿಯುತ್ತದೆ. 58, 62, 65 ಎಂದು ಒಂದೊಂದು ಮೆಟ್ಟಿಲಿಗೂ ತಿಂಗಳು ಕೊಟ್ಟು ಏರಿಸಬೇಕು. ನಡುನಡುವೆ ಸಿಗಾರುಗಳನ್ನು ಕಾಲು ಸುತ್ತು ಹೊರಳಿಸುತ್ತಿರಬೇಕು. ಹೀಗೆ ಉಳಿಸಿದ ಸಿಗಾರು ಉರಿಯುತ್ತದೆ, ಹೊಗೆ ಕೊಡುತ್ತದೆ. ಹಾರಿಹೋದ ಎಣ್ಣೆಯ ಪರಿಮಳ ಮಾತ್ರ ಮರಳದು, ಅಂಥ ಪೆಟ್ಟಿಗೆಗೆ ಹರಾಜಿನ ಬೆಲೆ ಕೊಡುವುದು ದಂಡ.